ವಿರಾಜಪೇಟೆಗೆ ಮೂರು ದಿನ, ಎರಡು ನಾಯಿ

ಸಂಕ್ರಾಂತಿಯ ಮಾರನೆಯ ದಿನ ಬೆಂಗಳೂರಿನಿಂದ ಮಗಳು ಫೋನು ಮಾಡಿದ್ದಳು. "ಅಪ್ಪಾ, ಮಾರ್ಚ್ ಕೊನೆಗೆ ಪುಟ್ಟನ ಪರೀಕ್ಷೆ ಮುಗಿಯುತ್ತದೆ. ಎಲ್ಲರೂ ಸೇರಿ ಮೂರು ದಿನ ಎಲ್ಲಾದರೂ ಹಳ್ಳಿಯ ಕಡೆ ಇದ್ದು ಬರೋಣ. ಎಲ್ಲಿಗೆ ಎಂದು ಈ ಸಲ ನೀವೇ ಹೇಳಿ" ಎಂದಳು. ನಾನು ಯೋಚಿಸಲೂ ಇಲ್ಲ, ವಿರಾಜಪೇಟೆ ಎಂದುಬಿಟ್ಟೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಮಡದಿ ತಲೆಯೆತ್ತಿ ನೋಡಿದಳು. ಮೈಸೂರಿನಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರವಿರುವ ಆ ಊರಿಗೆ, ಒಂದೆರಡು ಮದುವೆಗಳಿಗಾಗಿ ಬೆಳಗ್ಗೆ ಹೋಗಿ ಸಂಜೆ ಬಂದುದನ್ನು ಬಿಟ್ಟರೆ, ನಾವು ನಲವತ್ತು ವರ್ಷಗಳಿಂದ ಹೋಗಿ ಉಳಿದಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿಯೇ. 1976ರ ಜೂನ್‌ನಿಂದ 1985ರ ಮೇ ತಿಂಗಳವರೆಗೆ ಒಂಬತ್ತು ವರ್ಷ ನಾನು ಅಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಅಲ್ಲಿಯೇ ನನ್ನ ಮದುವೆಯಾದ ಹೊಸತರ ಸಂಸಾರ ನಡೆದದ್ದು, ಅಲ್ಲಿಯೇ ಮಗಳು ಹುಟ್ಟಿದ್ದು. ಅವಳು ಐದು ತುಂಬುವ ಮೊದಲೇ ವರ್ಗವಾಯಿತು. ಆದ್ದರಿಂದ ಅವಳ ಪಾಲಿಗೆ ವಿರಾಜಪೇಟೆಯೆಂದರೆ ಹೆಂಚಿನ ಮೇಲಿನ ಮಳೆಯ ಸದ್ದು, ಒದ್ದೆ ಬಟ್ಟೆ ಒಣಗಿಸಲು ಇಟ್ಟ ಕೆಂಡದ ವಾಸನೆ, ಮತ್ತು ಕೆಂಚ ಎಂಬ ನಾಯಿ.

ಕೆಂಚನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪ್ರವಾಸದ ಸಿದ್ಧತೆಯನ್ನು ಹೇಳಬೇಕು.

ಮಗಳ ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ಹೆಣ್ಣುನಾಯಿ, ಹೆಸರು ಬೆಲ್ಲ. ಇನ್ನೊಂದು ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿದಾಗ ಅದನ್ನು ತರಗತಿಯಲ್ಲಿ ಮಕ್ಕಳಿಗೆ ತೋರಿಸಿದ್ದೆ. ಅಂಥದ್ದೊಂದು ನಮ್ಮ ಮನೆಗೇ ಬಂದು ನನ್ನ ಆರಾಮಕುರ್ಚಿಯನ್ನು ಆಕ್ರಮಿಸೀತೆಂದು ಆಗ ಎಣಿಸಿರಲಿಲ್ಲ. ಅದರ ಹೆಸರು ಬಾಣ. ಮೂರು ದಿನದ ಮಟ್ಟಿಗೆ ಇವೆರಡನ್ನೂ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ನಾಯಿಗಳನ್ನು ನೋಡಿಕೊಳ್ಳುವ ಒಂದು ಕಡೆ ಬಿಟ್ಟು ಬರುವುದೆಂದು ಅಳಿಯಂದಿರು ಸೂಚಿಸಿದರು. ಸೂಚನೆ ವಿವೇಕದ್ದೇ. ನಾನು ಮಾತ್ರ, "ನಾಯಿಗಳನ್ನು ಬಿಟ್ಟು ಬರುವುದಾದರೆ ಪ್ರವಾಸವೇ ಬೇಡ" ಎಂದೆ. ದನಿ ಸ್ವಲ್ಪ ಗಟ್ಟಿಯಾಯಿತೆಂದು ತೋರುತ್ತದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಮಗಳು, "ಆಯಿತಪ್ಪಾ, ಕರೆದುಕೊಂಡೇ ಬರುತ್ತೇವೆ" ಎಂದಳು.

ಮನೆಯ ಏರ್ಪಾಡಿಗೆ ಹೆಚ್ಚು ಕಷ್ಟವಾಗಲಿಲ್ಲ. ವಿರಾಜಪೇಟೆಯಿಂದ ಚೆಯ್ಯಂಡಾಣೆ, ಕಕ್ಕಬ್ಬೆಯ ಕಡೆ ಹೋಗುವ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಾಫಿ ತೋಟವಿದೆ. ಹಿಂದೆ ತೋಟದ ಲೆಕ್ಕ ಬರೆಯುತ್ತಿದ್ದ ರೈಟರು ವಾಸಿಸುತ್ತಿದ್ದ ಎರಡು ಕೋಣೆಯ ಮನೆಯನ್ನು ದುರಸ್ತಿ ಮಾಡಿ, ಅದಕ್ಕೆ ತಗುಲಿದಂತೆ ಮರದ ಹಲಗೆಯ ಇನ್ನೊಂದು ಕೋಣೆಯನ್ನು ಕಟ್ಟಿಸಿ, ಬಂದವರಿಗೆ ಇರಲು ಕೊಡುತ್ತಾನೆ. ಮಗಳು ಅದನ್ನು ಕ್ಯಾಬಿನ್ ಎನ್ನುತ್ತಾಳೆ. ನನಗೆ ಅದು ರೈಟರ ಮನೆಯೇ. ನಾವಿದ್ದ ಕಾಲದಲ್ಲಿ ಕೊಡಗಿನಲ್ಲಿ ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಳಿಯುವುದೆಂಬ ಮಾತೇ ಇರಲಿಲ್ಲ. ಈಗ ಹೋಂಸ್ಟೇ ಎಂಬ ಫಲಕವಿಲ್ಲದ ತಿರುವು ಸಿಗುವುದು ಕಷ್ಟ. ಕಾಫಿ, ಮೆಣಸಿನ ಧಾರಣೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ಇದೇ ಕಾಪಾಡಿತೆಂದು ಕೇಳಿದ್ದೇನೆ. ಆದ್ದರಿಂದ ಮೂಗು ಮುರಿಯುವ ಅಧಿಕಾರ ನನಗಿಲ್ಲ.

ಇನ್ನು ನೋಡುವ ಸ್ಥಳಗಳು. ಮಗಳು ಗಣಕಯಂತ್ರದಲ್ಲಿ ಕೋಷ್ಟಕವನ್ನೇ ತಯಾರಿಸಿ ಕಳುಹಿಸಿದಳು. ಮೂರು ದಿನಕ್ಕೆ ಹನ್ನೊಂದು ಸ್ಥಳಗಳು. ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆ. ಹಳೆಯ ಚಾಳಿ.

ಮೊದಲು ಹೋದದ್ದು ನಾಗರಹೊಳೆ. 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡಿನೊಳಕ್ಕೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. "ಬೆಲ್ಲ ಯಾರಿಗೆ ಏನು ಮಾಡೀತು, ತಾತ?" ಎಂದು ಮೊಮ್ಮಗ ಕೇಳಿದ. ಪ್ರಶ್ನೆ ಬೆಲ್ಲ ಕಚ್ಚುವುದರದ್ದಲ್ಲ ಎಂದು ಅವನಿಗೆ ವಿವರಿಸಿದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ರೋಗ ಕಾಡುಪ್ರಾಣಿಗಳಿಗೂ ತಗಲುತ್ತದೆ. ಆಫ್ರಿಕದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಿಂಹಗಳು ಇದರಿಂದ ಸತ್ತವು. ನಮ್ಮ ಗೀರ್ ಕಾಡಿನಲ್ಲಿ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಇದೇ ವೈರಾಣು ಪತ್ತೆಯಾಯಿತು. ನಾಗರಹೊಳೆಯ ಹುಲಿಗೂ ಸೀಳುನಾಯಿಗೂ ನಮ್ಮ ಮನೆಯ ಪಾಯಸ ನೆಕ್ಕುವ ಬೆಲ್ಲ ಶತ್ರುವಾಗಬಹುದು. ಹುಡುಗನಿಗೆ ಆಶ್ಚರ್ಯವಾಯಿತು.

ಇರ್ಪು ಜಲಪಾತವನ್ನೂ ಹೊಡೆದುಹಾಕಿದೆ. ಲಕ್ಷ್ಮಣತೀರ್ಥ ನದಿ ಬ್ರಹ್ಮಗಿರಿಯಿಂದ ಧುಮುಕುವ ಆ ಜಾಗ ರಮ್ಯವಾದುದು, ಆದರೆ ಕೆಳಗೆ ರಾಮೇಶ್ವರನ ದೇವಾಲಯ, ಮೇಲೆ ಅಭಯಾರಣ್ಯ, ನಾಯಿಗಳಿಗೆ ಎಡೆಯಿಲ್ಲ. ತಡಿಯಂಡಮೋಳ್ ಶಿಖರಕ್ಕೆ ನನ್ನ ಮೊಣಕಾಲುಗಳೇ ಅನುಮತಿ ಕೊಡಲಾರವು. 1748 ಮೀಟರ್ ಎತ್ತರದ ಆ ಬೆಟ್ಟವನ್ನು 1979ರಲ್ಲಿ ಮಕ್ಕಳೊಂದಿಗೆ ಹತ್ತಿದ್ದೆ. ಬುತ್ತಿಯನ್ನು ಕೆಳಗಿನ ಹೊಳೆಯ ಬಳಿ ಮರೆತು ಬಂದವನು ಯಾರೆಂಬುದು ಆ ತಂಡದವರಿಗೆ ನೆನಪಿರಬಹುದು, ಹೆಸರು ಹೇಳುವುದಿಲ್ಲ. ಈಗ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ನಿಲ್ಲಿಸುವುದೂ ಉಂಟು. ಚೇಲಾವರ ಜಲಪಾತ ಮನೆಗೆ ಹತ್ತಿರ, ನಿಜ. ಆದರೆ ಮಾರ್ಚಿನಲ್ಲಿ ನೀರು ನೂಲಿನಂತಾಗಿರುತ್ತದೆ, ಅದರ ಕೆಳಗಿನ ಮಡುವಿನಲ್ಲಿ ಪ್ರಾಣ ಕಳೆದುಕೊಂಡವರು ಒಬ್ಬಿಬ್ಬರಲ್ಲ. ಹದಿಮೂರು ವರ್ಷದ ಹುಡುಗ, ನೀರು ಕಂಡರೆ ಹಾರುವ ನಾಯಿ, ಬೇಡವೆಂದೆ.

ಕಕ್ಕಬ್ಬೆಯ ನಾಲ್ನಾಡು ಅರಮನೆಯನ್ನು ಮಾತ್ರ ಉಳಿಸಿದೆ. ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಆ ಅರಮನೆ ಅರಮನೆಯ ಹಾಗೆ ಕಾಣುವುದೇ ಇಲ್ಲ. ಕಾಡಂಚಿನಲ್ಲಿ ಅಡಗಿ ಕುಳಿತ ದೊಡ್ಡ ಮನೆಯ ಹಾಗಿದೆ. ಅಡಗುವುದಕ್ಕೇ ಅದನ್ನು ಕಟ್ಟಿಸಿದ್ದು. 1834ರಲ್ಲಿ ಇಂಗ್ಲಿಷರ ಪಡೆ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಇದನ್ನು ಸರದಿಯ ಮೇಲೆ ನೋಡುವುದೆಂದು ನಿರ್ಧಾರವಾಗಿದೆ: ಮೂವರು ಒಳಗೆ ಹೋದಾಗ ಇಬ್ಬರು ಹೊರಗೆ ನಾಯಿಗಳನ್ನು ಹಿಡಿದುಕೊಳ್ಳುವುದು. ಪಾಡಿ ಇಗ್ಗುತ್ತಪ್ಪನ ಸನ್ನಿಧಿಗೂ ಇದೇ ಕ್ರಮ.

ವಿರಾಜಪೇಟೆ ಪಟ್ಟಣದಲ್ಲಿ ಒಂದು ಬೆಳಗ್ಗೆ ಸುಮ್ಮನೆ ನಡೆದಾಡಬೇಕೆಂಬುದು ನನ್ನ ಆಸೆ. 1791ರಲ್ಲಿ ಶ್ರೀರಂಗಪಟ್ಟಣದ ಮೇಲಿನ ದಂಡಯಾತ್ರೆಯ ಕಾಲಕ್ಕೆ ಇಂಗ್ಲಿಷರ ಜನರಲ್ ಅಬರ್‌ಕ್ರೋಂಬಿಯನ್ನು ಅರಸನು ಭೇಟಿಯಾದ ನೆನಪಿಗೆ ಮರುವರ್ಷ ಕಟ್ಟಿಸಿದ ಪೇಟೆ ಇದು. ವೀರರಾಜೇಂದ್ರಪೇಟೆ ಬಾಯಿಂದ ಬಾಯಿಗೆ ಸವೆದು ವಿರಾಜಪೇಟೆಯಾಯಿತು. ಸಂತ ಅನ್ನಮ್ಮನವರ ಇಗರ್ಜಿಯ ಇತಿಹಾಸವೂ 1792ರಿಂದಲೇ ಆರಂಭವಾಗುತ್ತದೆ. ಇಗರ್ಜಿಯನ್ನು ಹೊರಗಿನಿಂದ ನೋಡಿ, ಗಡಿಯಾರ ಕಂಬದ ಬಳಿ ನಿಂತು, ಮಲೆತಿರಿಕೆ ಬೆಟ್ಟದ ಕಡೆ ಕಣ್ಣು ಹಾಯಿಸಿ, ಬಿಸಿ ನೂಪುಟ್ಟು ಎಲ್ಲಿ ಸಿಗುತ್ತದೆಂದು ವಿಚಾರಿಸಿದರೆ ನನ್ನ ಮಟ್ಟಿಗೆ ದಿನ ಸಾರ್ಥಕ.

ಹೀಗೆ ಹನ್ನೊಂದರಲ್ಲಿ ಏಳು ಹೋಗಿ ನಾಲ್ಕು ಉಳಿದವು. ಆ ನಾಲ್ಕರಲ್ಲಿ ಕೊನೆಯದನ್ನು ನಾನು ಮುಟ್ಟಿಲ್ಲ. ಅದರ ಮೇಲೆ ಪೆನ್ನು ಓಡಲಿಲ್ಲ. ಆ ಸಾಲಿನಲ್ಲಿ ಮಗಳು "ಕೆಂಚ ಇದ್ದ ಮನೆ" ಎಂದು ಬರೆದಿದ್ದಾಳೆ.

ಕಾಲದ ಬಗ್ಗೆಯೂ ಒಂದು ಮಾತು. ಮಳೆಗಾಲಕ್ಕೆ ಹೋಗೋಣವೆಂದು ಅಳಿಯಂದಿರ ಮನಸ್ಸಿತ್ತು. ನಾನು ಬಿಲ್‌ಕುಲ್ ಬೇಡವೆಂದೆ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಜಾರಿ ಮನೆಗಳೊಂದಿಗೆ ಜನರೂ ಮಣ್ಣಿನಡಿ ಸೇರಿಹೋದರು. ಆ ಬಳಿಕ ಜುಲೈ-ಆಗಸ್ಟ್‌ನ ಕೊಡಗು ನನಗೆ ವಿಹಾರದ ತಾಣವಾಗಿ ಕಾಣುವುದಿಲ್ಲ. ಅದೂ ಅಲ್ಲದೆ ಮಳೆಯಲ್ಲಿ ಜಿಗಣೆಗಳು ನಾಯಿಯ ಬೆರಳ ಸಂದಿ, ಮೂಗಿನ ಹೊಳ್ಳೆಗಳಿಗೆ ಸೇರಿಕೊಂಡರೆ ಬಿಡಿಸುವುದು ಕಷ್ಟ. ಜನವರಿ-ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು. ಕಣದ ತುಂಬ ಕಾಫಿ ಹಣ್ಣು ಹರವಿರುತ್ತಾರೆ, ಬಾಣ ಅದರ ಮೇಲೆ ಒಂದು ಸುತ್ತು ಓಡಿದರೆ ಸಾಕು, ನನ್ನ ಗುರುತ್ವ ಮುಗಿಯಿತು. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ತುಂಬುತ್ತದಲ್ಲ, ಅದನ್ನು ಮೊಮ್ಮಗನಿಗೆ ತೋರಿಸಬೇಕೆಂಬ ಆಸೆಯಿದೆ. ಆದರೆ ಮೋಡವು ಶಾಲೆಯ ವೇಳಾಪಟ್ಟಿಯನ್ನು ನೋಡಿ ಸುರಿಯುವುದಿಲ್ಲ. ಸಿಕ್ಕರೆ ಸಿಕ್ಕಿತು.

ತೋಟದ ಯಜಮಾನನಾದ ಶಿಷ್ಯ ಫೋನಿನಲ್ಲಿ ನನಗೇ ಪಾಠ ಹೇಳಿದ. "ಸರ್, ನಾಯಿಗಳು ಖಂಡಿತ ಬರಲಿ. ಆದರೆ ಕೆಲವು ಮಾತು ಕೇಳಬೇಕು" ಎಂದು ಶುರುಮಾಡಿದವನು ಅರ್ಧ ಗಂಟೆ ಮಾತನಾಡಿದ. ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ ನಾಯಿಗಳು ಮನೆಯೊಳಗೇ ಇರಬೇಕು. ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಬೇರೆಯಿಲ್ಲ, ಅಂಗಳದ ದೀಪಕ್ಕೂ ಅದು ಅಂಜುವುದಿಲ್ಲ. ಹಗಲಿನಲ್ಲೂ ಹಗ್ಗ ಬಿಚ್ಚಕೂಡದು, ಏಕೆಂದರೆ ತೋಟದಲ್ಲಿ ಆನೆ ಇರಬಹುದು. ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ದರೆ ಹತ್ತು ಮಾರು ದೂರಕ್ಕೂ ಕಾಣುವುದಿಲ್ಲವೆಂಬುದನ್ನು ದಕ್ಷಿಣ ಕೊಡಗಿನಲ್ಲಿ ಬಾಳಿದವರಿಗೆ ನಾನು ಹೇಳಬೇಕಾಗಿಲ್ಲ. ನಾಯಿ ಹೋಗಿ ಬೊಗಳುತ್ತದೆ, ಆನೆ ತಿರುಗಿಬಿದ್ದೊಡನೆ ಓಡಿ ಬಂದು ಸಾಕಿದವರ ಕಾಲ ಬಳಿ ಸೇರುತ್ತದೆ, ಅದರ ಹಿಂದೆಯೇ ಆನೆಯೂ ಬರುತ್ತದೆ. ಮುಧೋಳದ ನಾಯಿಯಾದರೋ ಕಣ್ಣಿಗೆ ಬಿದ್ದುದನ್ನು ಅಟ್ಟಿಸಿಕೊಂಡು ಹೋಗಲೆಂದೇ ಹುಟ್ಟಿದ ಜಾತಿ. ಮೂರನೆಯದು, ಬೇಲಿಯಂಚಿಗೆ ಬಿಡಬಾರದು. ಕಾಡುಹಂದಿಗೆಂದು ತಂತಿಯ ಉರುಳು ಒಡ್ಡುವುದು ಕಾನೂನಿಗೆ ವಿರುದ್ಧವಾದರೂ ಒಡ್ಡುವವರು ಇದ್ದೇ ಇದ್ದಾರೆ. ನಾಯಿಯೂ ಸಿಲುಕುತ್ತದೆ, ಹುಲಿಯೂ ಸಿಲುಕುತ್ತದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು, ಇಲಿಜ್ವರದ್ದು, ಡಿಸ್ಟೆಂಪರ್‌ನದು ಎಲ್ಲ ಆಗಿರಬೇಕು, ಉಣ್ಣೆಯ ಔಷಧಿ ಹೊರಡುವ ಮೊದಲೇ ಹಾಕಿಸಬೇಕು ಎಂದು ಮುಗಿಸಿದ.

ಹತ್ತನೆಯ ತರಗತಿಯಲ್ಲಿ ಸಂಧಿ ಬಿಡಿಸಲು ಬಾರದೆ ಬೆಂಚಿನ ಮೇಲೆ ನಿಂತಿದ್ದ ಹುಡುಗ ಈತ. ನಾನು ಎಲ್ಲವನ್ನೂ ವಿಧೇಯನಾಗಿ ಬರೆದುಕೊಂಡೆ.

ಇನ್ನು ಕೆಂಚನ ವಿಷಯ.

1980ರ ಮಳೆಗಾಲದಲ್ಲಿ ಶಾಲೆಯ ಜಗುಲಿಯ ಕೆಳಗೆ ಸಿಕ್ಕಿದ ಮರಿ ಅದು. ಕೆಮ್ಮಣ್ಣಿನ ಬಣ್ಣ, ಒಂದು ಕಿವಿ ಸದಾ ಮಡಿಸಿಕೊಂಡಿರುತ್ತಿತ್ತು. ಹುಡುಗರು ಬುತ್ತಿಯ ಅನ್ನ ಹಾಕಿ ಬೆಳೆಸಿದರು, ರಾತ್ರಿಗೆ ನಮ್ಮ ಮನೆ. ನಾನು ಹಳಗನ್ನಡ ಪಾಠ ಮಾಡುವಾಗ ಕಿಟಕಿಯ ಕೆಳಗೆ ಮಲಗಿ ನಿದ್ರಿಸುತ್ತಿತ್ತು. ನಿಮ್ಮಲ್ಲಿ ಕೆಲವರು ಕಣ್ಣು ತೆರೆದುಕೊಂಡು ಮಾಡುತ್ತಿದ್ದುದನ್ನು ಅದು ಮುಚ್ಚಿಕೊಂಡು ಮಾಡುತ್ತಿತ್ತು, ಅಷ್ಟೇ. ಮಗಳು ಹುಟ್ಟಿದ್ದೂ ಅದೇ ವರ್ಷ. ಅವಳು ಅದರ ಬೆನ್ನು ಹಿಡಿದುಕೊಂಡೇ ನಿಲ್ಲಲು ಕಲಿತಳು.

1985ರಲ್ಲಿ ಮೈಸೂರಿಗೆ ವರ್ಗವಾಯಿತು. ಒಂಟಿಕೊಪ್ಪಲಿನಲ್ಲಿ ಸಿಕ್ಕಿದ ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡವೆಂದರು. ಬೇರೆ ಮನೆ ಹುಡುಕಬಹುದಿತ್ತು. ಶಾಲೆ ತೆರೆಯಲು ಒಂದು ವಾರವಿತ್ತು, ಲಾರಿಯವನಿಗೆ ಮುಂಗಡ ಕೊಟ್ಟಾಗಿತ್ತು, ಮಡದಿ ಎರಡನೆಯ ಬಸುರಿ. ಈ ಕಾರಣಗಳನ್ನು ನಲವತ್ತು ವರ್ಷಗಳಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಪಕ್ಕದ ತೋಟದ ಕಾವಲುಗಾರರಿಗೆ ಕೆಂಚನನ್ನು ಒಪ್ಪಿಸಿ, ಐವತ್ತು ರೂಪಾಯಿ ಕೊಟ್ಟೆ. ಅವರು ಅದನ್ನು ಅವರೆಕಂಬಕ್ಕೆ ಕಟ್ಟಿಹಾಕಿದರು. ಲಾರಿ ಹೊರಟಾಗ ಅದು ಬೊಗಳಲಿಲ್ಲ. ಮಗಳು ತೊಡೆಯ ಮೇಲೆ ಅಳುತ್ತಿದ್ದಳು. "ದಸರೆಗೆ ಬಂದು ಕರೆದುಕೊಂಡು ಹೋಗೋಣ" ಎಂದೆ. ದಸರೆಗೆ ಹೋಗಲಿಲ್ಲ.

ಮರುವರ್ಷವೋ ಏನೋ, ಮೈಸೂರಿನ ಬಸ್ ನಿಲ್ದಾಣದಲ್ಲಿ ವಿರಾಜಪೇಟೆಯ ಒಬ್ಬ ಹುಡುಗ ಎದುರಾದ. ಕಾಲಿಗೆ ನಮಸ್ಕರಿಸಿ, ಊರಿನ ಸುದ್ದಿಯೆಲ್ಲ ಹೇಳಿ, ಕೊನೆಗೆ ಹೇಳಿದ: "ಸರ್, ನಿಮ್ಮ ಕೆಂಚ ಹಗ್ಗ ಕಡಿದುಕೊಂಡು ಬಂದು ಆ ಮಳೆಗಾಲವಿಡೀ ಶಾಲೆಯ ಗೇಟಿನಲ್ಲೇ ಇತ್ತು. ಸಂಜೆ ಗಂಟೆ ಹೊಡೆದಾಗ ಎದ್ದು ನಿಂತು ಎಲ್ಲರ ಮುಖ ನೋಡುತ್ತಿತ್ತು. ನಾವು ಅನ್ನ ಹಾಕುತ್ತಿದ್ದೆವು, ಸರ್. ಹುತ್ತರಿಯ ಹೊತ್ತಿಗೆ ಒಂದು ದಿನ ಕಾಣಲಿಲ್ಲ. ಚಿರತೆ ಹೊತ್ತೊಯ್ದಿತು ಎಂದರು."

ಮನೆಗೆ ಬಂದು ಮಗಳಿಗೆ ಬೇರೆಯೇ ಹೇಳಿದೆ. ಕೆಂಚ ಕಾವಲುಗಾರರ ಮಕ್ಕಳ ಜೊತೆ ಚೆನ್ನಾಗಿದೆಯಂತೆ, ದಪ್ಪಗಾಗಿದೆಯಂತೆ, ಅದಕ್ಕೆ ಮರಿಗಳೂ ಆಗಿವೆಯಂತೆ ಎಂದೆ. ಅವಳು ಆ ಮರಿಗಳಿಗೆ ಹೆಸರಿಟ್ಟಳು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ಮಡದಿಗೆ ನಿಜ ಗೊತ್ತಾಯಿತು. ಆದರೆ ಅವಳು ಆಡಿ ತೋರಿಸಲಿಲ್ಲ. ಆ ಕತೆ ಹಾಗೆಯೇ ಮನೆಯಲ್ಲಿ ನಿಂತುಹೋಯಿತು. ಈಗ ನಲವತ್ತೈದು ವರ್ಷದ ನನ್ನ ಮಗಳು, ಸಂಬಂಧವೇ ಇಲ್ಲದ ಊರಿನ ಬೀದಿಯಲ್ಲಿ ಕಂದು ಬಣ್ಣದ ನಾಯಿಮರಿಯನ್ನು ಕಂಡು ಎತ್ತಿಕೊಂಡು ಮನೆಗೆ ತಂದವಳು, ಕೋಷ್ಟಕದ ಕೊನೆಯ ಸಾಲಿನಲ್ಲಿ "ಕೆಂಚ ಇದ್ದ ಮನೆ" ಎಂದು ಬರೆದಿದ್ದಾಳೆ. ಅದರ ಮುಂದೆ "ಬೆಲ್ಲಳನ್ನೂ ಬಾಣನನ್ನೂ ಕರೆದೊಯ್ಯಬಹುದು" ಎಂದೂ ಇದೆ.

ಅವಳು ಇದನ್ನು ಓದುತ್ತಾಳೆ. ನಾನು ಬರೆದುದನ್ನೆಲ್ಲ ತಪ್ಪದೆ ಓದಿ ಅಕ್ಷರದೋಷ ತೋರಿಸುವವಳು ಅವಳೇ. ಎದುರು ಕುಳಿತು ಹೇಳಲು ಎರಡು ಸಲ ಪ್ರಯತ್ನಿಸಿ ಸೋತ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಮಗಳೇ, ಆ ಕಾವಲುಗಾರರ ಮನೆ ಈಗ ಇಲ್ಲವೆಂದು ಶಿಷ್ಯ ಹೇಳಿದ. ಶಾಲೆಯ ಗೇಟು ಇದೆ.

ಇನ್ನೊಂದು ಸಂಗತಿಯಿದೆ. ಕೊಡಗಿನ ದೇವರಕಾಡುಗಳ ಬಗ್ಗೆ ನಿಮಗೆಲ್ಲ ಗೊತ್ತು. ಜಿಲ್ಲೆಯಲ್ಲಿ 1214 ಇವೆಯೆಂದು ಲೆಕ್ಕವಿದೆ. ಅವುಗಳಲ್ಲಿ ಬೇಟೆಯ ದೇವರಾದ ಅಯ್ಯಪ್ಪನ ಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ. 1982ರ ಬೇಸಿಗೆಯಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ನನ್ನನ್ನು ಅಂಥ ಒಂದು ಕಾಡಿಗೆ ಕರೆದೊಯ್ದಿದ್ದರು. ಮರದ ಬುಡದಲ್ಲಿ ರಾಶಿ ರಾಶಿ ಸುಟ್ಟ ಮಣ್ಣಿನ ನಾಯಿಗಳು. ಕೆಲವಕ್ಕೆ ಪಾಚಿ ಹಿಡಿದಿತ್ತು, ಕೆಲವುಗಳ ಮೂತಿ ಮುರಿದಿತ್ತು, ಎಲ್ಲವೂ ಕಿವಿ ನಿಮಿರಿಸಿ ಒಂದೇ ಕಡೆ ನೋಡುತ್ತಿದ್ದವು. ನಮ್ಮ ಹಿಂದೆಯೇ ಬಂದಿದ್ದ ಕೆಂಚನನ್ನು ಅವರು ಒಳಗೆ ಬಿಡಲಿಲ್ಲ. ನಾವು ಹೊರಬರುವವರೆಗೆ ಅದು ದಾರಿಯಲ್ಲೇ ಕುಳಿತಿತ್ತು.

ದೇವರ ವಿಷಯದಲ್ಲಿ ನಾನು ಅಂಥ ಆಚಾರವಂತನಲ್ಲ, ನಿಮಗೆ ತಿಳಿದದ್ದೇ. ಆದರೂ ಒಂದು ಮಣ್ಣಿನ ನಾಯಿಯನ್ನು ಅಲ್ಲಿಡಬೇಕೆಂದಿದ್ದೇನೆ. ಒಂದು ಕಿವಿ ಮಡಿಸಿದ್ದನ್ನು ಮಾಡಿಕೊಡುವವರು ಸಿಕ್ಕರೆ ಒಳ್ಳೆಯದು. ಶಿಷ್ಯನನ್ನು ಕೇಳಿದೆ, ಹಿಂದೆ ಮಾಡುತ್ತಿದ್ದ ಕುಂಬಾರರು ತೀರಿಕೊಂಡರು, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ವಿಚಾರಿಸುತ್ತೇನೆ ಸರ್ ಎಂದ. ವಿರಾಜಪೇಟೆ, ಗೋಣಿಕೊಪ್ಪ, ಅಮ್ಮತ್ತಿ ಕಡೆಯ ನನ್ನ ವಿದ್ಯಾರ್ಥಿಗಳೇ, ಈಗಲೂ ಇದನ್ನು ಮಾಡುವವರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬೆಲೆ ಎಷ್ಟಾದರೂ ಸರಿ. ಮಾರ್ಚ್ ಮೂರನೆಯ ವಾರದೊಳಗೆ ಬೇಕು.

ಹೊರಡುವುದು ಶುಕ್ರವಾರ ಬೆಳಗ್ಗೆ ಆರಕ್ಕೆ. ಹುಣಸೂರಿನಲ್ಲಿ ತಿಂಡಿ. ಆಮೇಲೆ ತಿತಿಮತಿಯ ಕಾಡಿನ ದಾರಿಯಲ್ಲಿ ಎಲ್ಲೂ ವಾಹನ ನಿಲ್ಲಿಸುವಂತಿಲ್ಲ. ಮತ್ತಿಗೋಡು ಶಿಬಿರದ ಆನೆಗಳನ್ನು ಕಿಟಕಿಯಿಂದಲೇ ನೋಡುವುದು, ನಾಯಿಗಳ ಕಡೆಯ ಗಾಜು ಏರಿಸಿರಬೇಕು. ಬಾಣ ಮುಂದಿನ ಆಸನದಲ್ಲಿ ನನ್ನ ಕಾಲ ಬಳಿ ಕೂರುತ್ತಾನೆಂದು ಮೊಮ್ಮಗ ಈಗಾಗಲೇ ತೀರ್ಮಾನಿಸಿದ್ದಾನೆ.